ತೂಕದಕ್ಕನ ಬಲಗಿವಿ

ಆ ಊರಿಗೆ ನಾನು ಹೋದದ್ದು ಮಕ್ಕಳನ್ನು ತೂಗುವುದಕ್ಕೆ. ಆಗ ಎಂ.ಎಸ್ಸಿ. ಓದುತ್ತಿದ್ದೆ. ನಮ್ಮ ವಿಭಾಗದ ವಿಮಲಾ ಮೇಡಂ ಮಕ್ಕಳ ಆರೋಗ್ಯದ ಬಗ್ಗೆ ದೊಡ್ಡದೊಂದು ಅಧ್ಯಯನ ಕೈಗೆತ್ತಿಕೊಂಡಿದ್ದರು. ಏಳು ವರ್ಷದೊಳಗಿನ ಮಕ್ಕಳ ತೂಕ, ಎತ್ತರ, ತೋಳಿನ ಸುತ್ತಳತೆ ತೆಗೆಯಬೇಕು. ಹದಿನೈದು ದಿನಕ್ಕೊಮ್ಮೆ ಮನೆಮನೆಗೆ ಹೋಗಿ ಜ್ವರ, ಕೆಮ್ಮು, ಹೊಟ್ಟೆನೋವು ವಿಚಾರಿಸಬೇಕು. ಬೇರೆ ಊರುಗಳಿಗೆ ನಮ್ಮ ತರಗತಿಯವರು ನಾ ಮುಂದೆ ತಾ ಮುಂದೆ ಎಂದು ಹೊರಟರು. ಈ ಊರಿಗೆ ಹೋದ ಇಬ್ಬರು ಮಾತ್ರ ವಾರ ತುಂಬುವುದರೊಳಗೆ ಗಂಟುಮೂಟೆ ಕಟ್ಟಿಕೊಂಡು ವಾಪಸು ಬಂದಿದ್ದರು; ಯಾಕೆಂದು ಕೇಳಿದರೆ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಗುತ್ತಿದ್ದರು. "ನೀನು ಗಟ್ಟಿಗಿತ್ತಿ ಹೇಮಲತಾ, ನೀನು ಹೋಗು" ಎಂದರು ಮೇಡಂ. ಅವರ ಬಾಯಿಂದ ಹೊಗಳಿಕೆ ಬಂದದ್ದು ಅದೇ ಮೊದಲು. ನಾನು ಪೂರಿಯ ಹಾಗೆ ಉಬ್ಬಿ ಹೂಂ ಎಂದುಬಿಟ್ಟೆ.

ಹೊರಡುವ ಮುಂಚೆ ಮೇಡಂ ನಿಯಮಗಳನ್ನು ಒಪ್ಪಿಸಿದರು. ತಕ್ಕಡಿಗೆ ಹತ್ತಿಸಿ ಇಳಿಸುವಾಗ ಬಿಟ್ಟರೆ ಮಕ್ಕಳನ್ನು ಎತ್ತಿಕೊಳ್ಳಬಾರದು. ಪೆಪ್ಪರ್‌ಮಿಂಟು ಕೊಡಬಾರದು. ಚಿನ್ನ, ಬಂಗಾರ ಎಂದು ಮುದ್ದುಗರೆಯಬಾರದು. ಹೆಸರಿನ ಬದಲು ನಂಬರು ಹಿಡಿದು ಕರೆಯಬೇಕು. "ಅಳೆಯೋವಳಿಗೆ ಮಮತೆ ಹುಟ್ಟಿತೋ, ತಕ್ಕಡಿ ಮುಳ್ಳು ಅಲ್ಲಾಡ್ತದೆ" ಎಂದು ಬೆರಳೆತ್ತಿ ಎಚ್ಚರಿಸಿದರು. ಅವರ ಕೈಯಲ್ಲಿ ಸಾವಿರಾರು ಮಕ್ಕಳು ತೂಗಿಸಿಕೊಂಡು ಹೋಗಿದ್ದವು. ಒಂದನ್ನೂ ಅವರು ಸೊಂಟಕ್ಕೆ ಏರಿಸಿಕೊಂಡವರಲ್ಲ.

ಬಸ್ಸಿಳಿದು ಇನ್ನೂ ಚೀಲ ಕೆಳಗಿಟ್ಟಿರಲಿಲ್ಲ. ಟೈರು ಉರುಳಿಸುತ್ತ ಬಂದ ಹುಡುಗನೊಬ್ಬ ಕಲ್ಲು ಎಡವಿ ಬೋರಲು ಬಿದ್ದ. ಮೊಣಕಾಲು ತರಚಿ ರಕ್ತ ಬಂತು. ನಾನು ಅಯ್ಯೋ ಎನ್ನುವಷ್ಟರಲ್ಲಿ ಅವನು ಎದ್ದು ಮಣ್ಣು ಕೊಡವಿಕೊಂಡು ಟೈರಿನ ಹಿಂದೆ ಓಡಿಯಾಗಿತ್ತು. ಎದುರಿನ ಖಾನಾವಳಿಯಲ್ಲಿ ಬಜಿ ಕರಿಯುತ್ತಿದ್ದ ದಪ್ಪ ಮೀಸೆಯ ಗಂಡಸು ಮಾತ್ರ ಸೌಟು ಬಿಸಾಕಿ, ಮೊಣಕಾಲು ಹಿಡಿದುಕೊಂಡು, ಒಂಟಿಗಾಲಲ್ಲಿ ಕುಣಿಯತೊಡಗಿದ. "ಯಾರ್ದಪಾ ಅದು?" ಎಂದು ಗಿರಾಕಿಯೊಬ್ಬ ಚಹಾ ಹೀರುತ್ತಲೇ ಕೇಳಿದ. "ಆ ಟೈರಿನ ಹುಡುಗಂದು! ಮುಂಜಾನೆ ಪುಕ್ಕಟೆ ಒಂದು ಬಜಿ ಕೊಟ್ಟಿದ್ದೆ. ಅದರ ಧ್ಯಾನದಾಗ ಓಡಿ ಬಿದ್ದಾನ ನೋಡು!" ಎಂದು ಆತ ಹಲ್ಲು ಕಚ್ಚಿಕೊಂಡೇ ನಕ್ಕ. ಸ್ವಲ್ಪ ಹೊತ್ತಿಗೆ ಹುಡುಗನ ತಾಯಿ ಒಂದು ಲೋಟ ಬಿಸಿ ಗಂಜಿ ಹಿಡಿದುಕೊಂಡು ಬಂದಳು. ಮಗುವಿನ ನೋವು ಉಂಡವರಿಗೆ ಆ ಮನೆಯ ಗಂಜಿ ಕೊಡುವುದು ಅಲ್ಲಿಯ ವಾಡಿಕೆ.

ಆ ಊರಲ್ಲಿ ಗಾಯ ಮಗುವಿನದು, ಜ್ವರ ಮಗುವಿನದು. ನೋವು ಮಾತ್ರ, ಅದು ಹುಟ್ಟಿದ ಗಳಿಗೆಯಲ್ಲಿ ಮಗುವಿನ ಮನಸ್ಸಿನಲ್ಲಿ ಯಾರಿದ್ದರೋ ಅವರಿಗೆ. ಎಳೆಗೂಸಿನ ಮನಸ್ಸಿನಲ್ಲಿ ತಾಯಿಯಲ್ಲದೆ ಮತ್ತಾರಿರುತ್ತಾರೆ? ಹಾಗಾಗಿ ಬಾಣಂತಿಯರು ಯಾವಾಗಲೂ ಹೊಟ್ಟೆ ಹಿಡಿದುಕೊಂಡೇ ಇರುತ್ತಿದ್ದರು. ತಂಟೆಯೆಲ್ಲ ಓಡಾಡುವ ಮಕ್ಕಳದು. ಅವರ ಮನಸ್ಸು ಇವತ್ತು ಅಜ್ಜಿಯ ಮೇಲೆ, ನಾಳೆ ಸೀಟಿ ಊದಲು ಕೊಟ್ಟ ಕಂಡಕ್ಟರನ ಮೇಲೆ. ಮೊಮ್ಮಗನ ಹಲ್ಲುನೋವು ತನಗೆ ಬಾರದೆ ಪಕ್ಕದ ಮನೆಯವಳಿಗೆ ಹೋಯಿತೆಂದು ಮುನಿಸಿಕೊಂಡು ಊಟ ಬಿಟ್ಟ ಅಜ್ಜಿಯನ್ನು ನಾನೇ ಕಂಡಿದ್ದೇನೆ. ಪಕ್ಕದ ಮನೆಯವಳೋ, ಕೆನ್ನೆಗೆ ಬಟ್ಟೆ ಕಟ್ಟಿಕೊಂಡು ಊರೆಲ್ಲ ಮೆರೆದಳು.

ಮೊದಲ ದಿನದ ವಿಚಾರಣೆಯಲ್ಲೇ ನನ್ನ ಓದೆಲ್ಲ ನೀರು ಕುಡಿಯಿತು. "ಕಳೆದ ಹದಿನೈದು ದಿನದಲ್ಲಿ ಮಗುವಿಗೆ ಹೊಟ್ಟೆನೋವು ಬಂದಿತ್ತಾ?" ಎಂದು ಕೇಳಿದೆ. "ಬಂದಿತ್ರಿ" ಎಂದಳು ತಾಯಿ. "ಎಷ್ಟು ದಿನ ಇತ್ತು?" "ಎರಡು ದಿನ ಭಾಳ ತ್ರಾಸಾತ್ರಿ, ನಮ್ಮ ಮೈದುನನ ಹೊಟ್ಟ್ಯಾಗ." ಇದನ್ನು ಎಲ್ಲಿ ಬರೆಯುವುದೆಂದು ಮೇಡಂಗೆ ಫೋನು ಮಾಡಿದೆ. "ಅದನ್ನ ವರದಿ ದೋಷ ಅಂತಾರೆ. ನೀನು ಮಗುವಿನ ತೂಕ ಬರಿ" ಎಂದರು.

ಆದರೆ ಆ ಊರಿಗೆ ಇದು ತಮಾಷೆಯ ವಿಷಯವಲ್ಲ. ಮಗು ಅಳುವುದಿಲ್ಲವಾದ್ದರಿಂದ ಅದರೊಳಗೆ ಏನು ಕೆಟ್ಟಿದೆಯೆಂದು ತಿಳಿಯಲು ಇದ್ದದ್ದು ಒಂದೇ ದಾರಿ. ತನ್ನದಲ್ಲದ ನೋವು ಬಂದವರು ಊರ ಅಗಸೆಬಾಗಿಲ ಬಳಿ ಇರುವ ಕಟ್ಟೆ ಹತ್ತಿ ಕೂಗಿ ಹೇಳಬೇಕು. ಒಮ್ಮೆ ಅಂಚೆಯಣ್ಣ ಕಟ್ಟೆ ಹತ್ತಿ "ಎಡಗಾಲ ಹೆಬ್ಬೆರಳು! ಮುಳ್ಳು ಚುಚ್ಚಿದಂಗ ಐತಿ! ಯಾರ್ದು ನೋಡ್ಕೋರ್ರೆವ್ವಾ!" ಎಂದು ಕೂಗಿದ. ಊರಿನ ತಾಯಂದಿರೆಲ್ಲ ಸಿಕ್ಕ ಸಿಕ್ಕ ಮಕ್ಕಳನ್ನು ತಲೆಕೆಳಗು ಮಾಡಿ ಪಾದ ನೋಡಿದರು. ಮುಳ್ಳು ಸಿಕ್ಕಿತು, ಅಂಚೆಯಣ್ಣನಿಗೆ ಗಂಜಿ ಸಿಕ್ಕಿತು. ಇನ್ನು, ಕೂಗುವುದಕ್ಕೂ ಒಂದು ಮರ್ಯಾದೆಯಿತ್ತು. ಬಳೆಗಾರ ಮಲ್ಲೇಶಿ ಒಮ್ಮೆ ತನ್ನದೇ ಹುಳುಕು ಹಲ್ಲಿನ ನೋವನ್ನು ಮಗುವಿನದೆಂದು ಭ್ರಮಿಸಿ ಕಟ್ಟೆ ಹತ್ತಿದ್ದನಂತೆ. ಅಂದಿನಿಂದ ಅವನು ಎಲ್ಲಿ ಕಂಡರೂ ಹುಡುಗರು ಬಾಯಿ ತೆರೆದು ಹಲ್ಲು ತೋರಿಸುತ್ತಿದ್ದರು.

ನಾನು ಉಳಿದುಕೊಂಡದ್ದು ಹಿಟ್ಟಿನ ಗಿರಣಿಯ ಗುರುಪಾದಪ್ಪನವರ ಮನೆಯ ಅಟ್ಟದ ಕೋಣೆಯಲ್ಲಿ. ತಲೆಯಿಂದ ಕಾಲಿನವರೆಗೆ ಹಿಟ್ಟು ಮೆತ್ತಿಕೊಂಡಿರುತ್ತಿದ್ದ ಮುದುಕ; ಗಿರಣಿಯ ಗದ್ದಲದಲ್ಲಿ ಬದುಕಿ ಬದುಕಿ ಪಿಸುಮಾತನ್ನೂ ಕೂಗಿಯೇ ಹೇಳುವವರು. ಮಗ ಲಾರಿ ಹತ್ತಿದರೆ ತಿಂಗಳಿಗೊಮ್ಮೆ ಇಳಿಯುವವನು. ಮನೆಯಲ್ಲಿ ಸೊಸೆ ಕಸ್ತೂರೆವ್ವ, ಮೊಮ್ಮಗಳು ನಿಂಬೆವ್ವ. ನಿಂಬೆವ್ವ ನನ್ನ ಪಟ್ಟಿಯಲ್ಲಿ ನಲವತ್ತೇಳನೆಯ ನಂಬರು. ಮೊದಲ ದಿನವೇ ಅವಳು ನನ್ನ ಟೇಪಿನ ಇನ್ನೊಂದು ತುದಿ ಹಿಡಿದು ನಿಂತಳು, ಆಮೇಲೆ ಬಿಡಲೇ ಇಲ್ಲ. ತಕ್ಕಡಿಯ ಪಕ್ಕ ನಿಂತು ಗಿರಣಿಯ ದನಿಯಲ್ಲಿ "ಹನ್ನೆರಡೂ ಮುಕ್ಕಾಲು! ಇಳೀಲೇ ತಮ್ಮಾ, ಮುಂದಿನಾಂವ ಬರ್ರಿ!" ಎಂದು ಕೂಗುತ್ತಿದ್ದಳು. ನನಗೆ ತೂಕದಕ್ಕ ಎಂದು ಹೆಸರಿಟ್ಟದ್ದೂ ಅವಳೇ. ಊರೆಲ್ಲ ಅದನ್ನೇ ಹಿಡಿಯಿತು. ನಾನು ಮಾತ್ರ ಮೇಡಂ ಮಾತು ಮೀರದೆ ಅವಳನ್ನು ಎತ್ತಿಕೊಳ್ಳಲಿಲ್ಲ, ನಲವತ್ತೇಳು ಎಂದೇ ಕರೆದೆ. ಕರೆಯುವಾಗ ನಗು ಬಂದುಬಿಡುತ್ತಿತ್ತು, ಅದಕ್ಕೇನು ಮಾಡಲಿ?

ಹಾಲುಹಲ್ಲು ಬೀಳುವ ವಯಸ್ಸಿಗೆ ನೋವು ಮಗುವಿನ ಸ್ವಂತಕ್ಕೆ ಬರುತ್ತದೆ. ಮೊದಲ ಹಲ್ಲು ಬಿದ್ದು ಮಗು ತಾನೇ ಅತ್ತಿತೋ, ಆ ಮನೆಯಲ್ಲಿ ಹಬ್ಬ. ಮಗು ಮೂಲೆಯಲ್ಲಿ ಕೂತು ಗೋಳಾಡುತ್ತಿದ್ದರೆ ಮನೆಯವರು ಓಣಿಗೆಲ್ಲ ಹೋಳಿಗೆ ಹಂಚುತ್ತಾರೆ. ಒಂದು ದಿನ ನಿಂಬೆವ್ವ ಜೋಳದ ಮೂಟೆಯ ಮೇಲಿಂದ ಜಿಗಿದು ಮುಖ ಅಡಿಯಾಗಿ ಬಿದ್ದಳು, ಮುಂದಿನ ಹಲ್ಲು ಕಿತ್ತು ಕೈಗೆ ಬಂತು. ಅವಳಿಗೆ ಇನ್ನೂ ಐದೇ ವರ್ಷ. ಹಲ್ಲನ್ನೊಮ್ಮೆ ನೋಡಿದಳು, ಸುತ್ತ ನೆರೆದವರನ್ನೊಮ್ಮೆ ನೋಡಿದಳು, ಆಮೇಲೆ ಸೂರು ಹಾರಿಹೋಗುವಂತೆ ಅತ್ತಳು. ಗುರುಪಾದಪ್ಪ ಗಿರಣಿ ನಿಲ್ಲಿಸಿ ಓಡಿಬಂದರು. "ಸ್ವಂತ ನೋವು ಬಂತು ನನ್ನ ಕೂಸಿಗೆ! ಐದಕ್ಕ ಬಂತು!" ಎಂದು ಊರಿಗೆ ಕೇಳುವಂತೆ ಸಾರಿದರು. ಮರುದಿನ ಹೋಳಿಗೆ, ತುಪ್ಪ, ಹೊಸ ಫ್ರಾಕು. ಗುರುಪಾದಪ್ಪ ಮಾತ್ರ ಹೋಳಿಗೆಯನ್ನು ಒಂದೇ ದವಡೆಯಲ್ಲಿ ಅಗಿಯುತ್ತಿದ್ದರು. "ಯಾಕೋ ನಿನ್ನಿಯಿಂದ ಮುಂದಿನ ಹಲ್ಲು ಜುಮ್ ಅನ್ನಾಕತ್ತೈತಿ. ವಯಸ್ಸಾತಲ್ಲ ತಂಗಿ" ಎಂದರು ನನಗೆ. ಊಟವಾದ ಮೇಲೆ ಗಿರಣಿಯ ಕಟ್ಟೆಯ ಮೇಲೆ ಒಬ್ಬರೇ ಕುಳಿತಿದ್ದರು. ನಿಂಬೆವ್ವ ನಡೆಯಲು ಕಲಿತಾಗಿನಿಂದ ಅವಳು ಬಿದ್ದದ್ದು, ತರಚಿದ್ದು, ಚೇಳು ಕುಟುಕಿದ್ದು ಎಲ್ಲದರ ನೋವೂ ಅವರಿಗೇ ಬರುತ್ತಿತ್ತು. "ಇನ್ನ ಅಕೀದು ಅಕಿಗೆ. ನನ್ನ ಕೆಲಸ ಮುಗೀತು" ಎಂದರು. ಅಷ್ಟು ಮೆಲ್ಲಗೆ ಅವರು ಮಾತಾಡಿದ್ದನ್ನು ನಾನು ಅದಕ್ಕೂ ಮೊದಲು ಕೇಳಿರಲಿಲ್ಲ.

ಹಬ್ಬ ಕಳೆದು ಕೆಲವು ವಾರಕ್ಕೆ, ಒಂದು ಮುಂಜಾನೆ ತಕ್ಕಡಿ ಒರೆಸುತ್ತಿದ್ದಾಗ ನನ್ನ ಬಲಗಿವಿಯೊಳಗೆ ಯಾರೋ ದಬ್ಬಣ ತಿರುವಿದ ಹಾಗಾಯಿತು. ಕಣ್ಣಲ್ಲಿ ನೀರು ಬಂತು. ಹಿಂದಿನ ದಿನ ಮಂಜುಗಡ್ಡೆ ಹಾಕಿದ ಕಬ್ಬಿನ ಹಾಲು ಕುಡಿದದ್ದು ನೆನಪಾಗಿ ನನ್ನನ್ನೇ ಬೈದುಕೊಂಡೆ. ಮಾತ್ರೆ ನುಂಗಿದೆ, ಕಸ್ತೂರೆವ್ವ ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ಬಿಟ್ಟಳು. ಎಣ್ಣೆ ಹೆಗಲಿಗೆ ಇಳಿಯಿತು, ನೋವು ಇಳಿಯಲಿಲ್ಲ. ಎರಡು ದಿನವಾದರೂ ಅಷ್ಟೇ. "ಔಷಧಕ್ಕ ಬಗ್ಗವಲ್ದು ಅಂದ್ರ ಇದು ನಿಮ್ದಲ್ರಿ ತೂಕದಕ್ಕಾ. ಯಾವ್ದೋ ಕೂಸಿಂದು" ಎಂದಳು ಕಸ್ತೂರೆವ್ವ. ಗುರುಪಾದಪ್ಪ ತಲೆಯಾಡಿಸಿದರು. "ಪರಊರಾಕಿಗೆ ಎಲ್ಲೀದು? ಇದುವರೆಗೆ ಹೊರಗಿನವ್ರಿಗೆ ಬಂದದ್ದ ಇಲ್ಲ."

ಸತ್ಯ ಹೇಳಬೇಕೆಂದರೆ ಕಸ್ತೂರೆವ್ವನ ಮಾತು ಕೇಳಿ ನನಗೆ ಒಳಗೊಳಗೇ ಹಿಗ್ಗಾಯಿತು. ಅದರ ಹಿಂದೆಯೇ ಹೆದರಿಕೆಯೂ ಬಂತು. ಫೋನಿನಲ್ಲಿ ಸೂಕ್ಷ್ಮವಾಗಿ ವಿಷಯ ತೆಗೆದಾಗ ಮೇಡಂ ಗುಡುಗಿದರು: "ಮಗುವಿನ ನೋವು ನಿನಗೆ ಬಂತಾ? ಹಾಗಂತ ನೀನು ನಂಬಿದ್ದೇ ನಿಜವಾದ್ರೆ ನಿನ್ನನ್ನ ಈ ಕೆಲಸದಿಂದ ತೆಗೀಬೇಕಾಗ್ತದೆ. ನಾಡಿದ್ದು ನಾನೇ ಬರ್ತೀನಿ." ಹಾಗಾಗಿ ಬಾಯಿ ಮುಚ್ಚಿಕೊಂಡಿದ್ದೆ. ಕಟ್ಟೆ ಹತ್ತಿದರೆ ಕೆಲಸ ಹೋಗುತ್ತದೆ. ಹತ್ತಿ ಸುಳ್ಳಾದರೆ ಮಲ್ಲೇಶಿಯ ಪಾಡು. ಆದರೆ ನೋವು ಕಿವಿಯ ಹಿಂದಿನ ಎಲುಬಿಗೆ ಇಳಿಯತೊಡಗಿದಾಗ ನಾನು ಓದಿದ್ದು ನನ್ನನ್ನೇ ಹೆದರಿಸಿತು. ಕಿವಿಯೊಳಗೆ ಕೀವು ಕಟ್ಟಿ ಹಿಂದಕ್ಕೆ ಹಬ್ಬಿದರೆ ಏನಾಗುತ್ತದೆಂದು ಪರೀಕ್ಷೆಯಲ್ಲಿ ಬರೆದು ಅಂಕ ತೆಗೆದುಕೊಂಡವಳು ನಾನು. ಕಿವಿ ನನ್ನದೇ ಆಗಿದ್ದರೆ ಸರಿ. ಮಗುವಿನದಾಗಿದ್ದರೆ, ಈ ಊರಿನ ಯಾವುದೋ ಒಂದು ಮಗು ಏನೂ ತಿಳಿಯದೆ ಗೋಲಿ ಆಡುತ್ತ, ನಗುತ್ತ, ಕಿವುಡಾಗುತ್ತಿದೆ. ಅದನ್ನು ಹೇಳಬಲ್ಲವಳು ನಾನೊಬ್ಬಳೇ. ಕೆಲಸ ಹೋದರೆ ಹೋಗಲಿ ಎಂದು ಮೇಡಂ ಬರುವ ದಿನದ ಮುಂಜಾನೆ ಚಪ್ಪಲಿ ಮೆಟ್ಟಿ ಹೊರಟೆ.

ಕಟ್ಟೆ ಹತ್ತಿದೆ. "ಬಲಗಿವಿ!" ಎಂದು ಕೂಗಿದೆ. "ಒಳಗೆ ಚುಚ್ಚುತ್ತಿದೆ! ಯಾರದು ನೋಡಿಕೊಳ್ಳಿ!" ಆವತ್ತಿನ ಸಂತೆಗೆ ಬಂದವರು ನಿಂತರು. ತೂಕದಕ್ಕಗೆ ಬಂತಂತೆ, ತೂಕದಕ್ಕಗೆ ಬಂತಂತೆ ಎಂದು ಓಣಿ ಓಣಿಗೆ ಸುದ್ದಿ ಓಡಿತು. ನಿಮಿಷಗಳಲ್ಲಿ ತಾಯಂದಿರು ಮಕ್ಕಳನ್ನು ಕಂಕುಳಲ್ಲಿ, ಕೈಯಲ್ಲಿ, ಬೆನ್ನ ಮೇಲೆ ಹೊತ್ತು ಬಂದರು. ಊರಿನ ಮಕ್ಕಳನ್ನೆಲ್ಲ ಸಾಲು ನಿಲ್ಲಿಸಿ ತೂಗುತ್ತಿದ್ದವಳು ನಾನು. ಆ ದಿನ ನಾನು ಕಟ್ಟೆಯ ಮೇಲೆ ಕುಳಿತೆ, ಊರು ನನ್ನ ಮುಂದೆ ಸಾಲು ನಿಂತಿತು. ಒಬ್ಬೊಬ್ಬ ತಾಯಿಯೂ ಮುಂದೆ ಬಂದು ಮಗುವಿನ ಬಲಗಿವಿಯನ್ನು ಮೆಲ್ಲಗೆ ಜಗ್ಗುವಳು; ಜನವೆಲ್ಲ ಉಸಿರು ಹಿಡಿದು ನನ್ನ ಮುಖ ನೋಡುವರು. ನಾನು ಇಲ್ಲ ಎಂದು ತಲೆಯಾಡಿಸುವೆ. ಕೆಲವರಿಗೆ ನಿರಾಳ, ಕೆಲವರಿಗೆ ಎಂಥದೋ ಬೇಸರ. ಒಬ್ಬ ಹುಡುಗ ತಾನೇ ಕಿವಿ ಹಿಂಡಿಕೊಂಡು "ನಂದ ಅನ್ರಿ ತೂಕದಕ್ಕಾ, ನಮ್ಮವ್ವ ಗಂಜಿ ಚಲೋ ಮಾಡ್ತಾಳ" ಎಂದು ಗೋಗರೆದ. ನಿಂಬೆವ್ವ ಹೊಸ ಫ್ರಾಕು ಹಾಕಿಕೊಂಡು, ತಂಬಿಗೆ ಹಿಡಿದು, ಸಾಲಿನವರಿಗೆಲ್ಲ ನೀರು ಕೊಡುತ್ತ ಓಡಾಡುತ್ತಿದ್ದಳು. "ಸಾಲು ಮುರೀಬ್ಯಾಡ್ರಿ! ಕಿವಿ ತೊಳಕೊಂಡು ಬರ್ರಿ!" ಎಂದು ಅವಳದೇ ದರ್ಬಾರು.

ಸಾಲು ಕರಗಿತು. ಕೊನೆಯ ಕೂಸಿನ ಕಿವಿಯನ್ನೂ ಜಗ್ಗಿಯಾಯಿತು, ನನಗೇನೂ ಆಗಲಿಲ್ಲ. ಸ್ವಂತ ನೋವು ಬಾರದ ಮಕ್ಕಳು ಊರಲ್ಲಿ ಇನ್ನಾರೂ ಉಳಿದಿರಲಿಲ್ಲ. ಜನ ನನ್ನ ಮುಖ ನೋಡದೆ, ಗಂಟಲು ಸರಿಮಾಡಿಕೊಳ್ಳುತ್ತ ಚದುರಿದರು. "ಇರ್ಲಿ ಬಿಡ್ರಿ, ಹೊಸಬ್ರು" ಎಂದಳೊಬ್ಬಳು. "ಮಲ್ಲೇಶಿಗೆ ಒಂದು ಜೋಡಿ ಸಿಕ್ತು" ಎಂದು ಗುಂಪಿನಲ್ಲಿ ಯಾರೋ ಅಂದರು, ಯಾರೋ ಕಿಸಕ್ಕೆಂದರು. ಮಲ್ಲೇಶಿಯೇ ಮುಂದೆ ಬಂದು ನನ್ನ ಕೈ ಹಿಡಿದು ಕಟ್ಟೆ ಇಳಿಸಿದ. ಅವನ ಕಣ್ಣಲ್ಲಿ ಎಂಥ ಬಂಧುತ್ವ ಇತ್ತೆಂದರೆ ನನಗೆ ಅಳುವೇ ಬಂತು.

ಮನೆಗೆ ಬಂದು ಅಟ್ಟದ ಮೆಟ್ಟಿಲ ಮೇಲೆ ಕುಸಿದು ಕುಳಿತೆ. ಕೆಳಗೆ ಪಡಸಾಲೆಯಲ್ಲಿ ಕಸ್ತೂರೆವ್ವ ಮಗಳನ್ನು ಮುಂದೆ ಕೂರಿಸಿಕೊಂಡು ತಲೆ ಬಾಚಲು ಶುರುಮಾಡಿದಳು. ನೀರು ಕೊಟ್ಟು ಓಡಾಡಿದ್ದರಲ್ಲಿ ಜಡೆ ಬಿಚ್ಚಿಹೋಗಿತ್ತು. ನಿಂಬೆವ್ವ ಪೇರಲಹಣ್ಣು ತಿನ್ನುತ್ತಿದ್ದಳು. ಕಸ್ತೂರೆವ್ವ ಬೈತಲೆ ತೆಗೆದು, ಬಲಗಡೆಯ ಕೂದಲನ್ನು ಬಿಗಿಯಾಗಿ ಎಳೆದು, ಹಣಿಗೆಯನ್ನು ಕಿವಿಯ ಮೇಲಿಂದ ಸರ್ರನೆ ಇಳಿಸಿದಳು. ನಾನು "ಅಯ್ಯಪ್ಪಾ!" ಎಂದು ಚೀರಿ ಎರಡು ಮೆಟ್ಟಿಲು ಕೆಳಗೆ ಜಾರಿದೆ. ಕಸ್ತೂರೆವ್ವ ಹಣಿಗೆ ಹಿಡಿದ ಕೈಯನ್ನು ಗಾಳಿಯಲ್ಲೇ ನಿಲ್ಲಿಸಿ ನನ್ನನ್ನು ನೋಡಿದಳು. ಮಗಳನ್ನು ನೋಡಿದಳು. ಒಂದು ಬೆರಳಿನಿಂದ ಮಗಳ ಬಲಗಿವಿಯನ್ನು ಸುಮ್ಮನೆ ಮುಟ್ಟಿದಳು. ನಾನು ಮತ್ತೆ ಚೀರಿದೆ. ನಿಂಬೆವ್ವ ಪೇರಲಹಣ್ಣಿನ ಬೀಜ ಉಗುಳಿ ಇನ್ನೊಂದು ತುಂಡು ಕಚ್ಚಿದಳು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ ಗಾದೆ ನಮಗಾಗಿಯೇ ಹುಟ್ಟಿತ್ತು.

ಗದ್ದಲ ಕೇಳಿ ಗುರುಪಾದಪ್ಪ ಗಿರಣಿಯಿಂದ ಬಂದರು. "ಏನಾತು?" ಕಸ್ತೂರೆವ್ವ ಮಗಳ ಕಿವಿಯನ್ನು ಇನ್ನೊಮ್ಮೆ ಮುಟ್ಟಿ ತೋರಿಸಿದಳು, ನಾನು ಇನ್ನೊಮ್ಮೆ ಕೂಗಿಕೊಂಡೆ. ಮುದುಕರು ಹಿಟ್ಟಿನ ಮೂಟೆಯ ಮೇಲೆ ಧೊಪ್ಪನೆ ಕುಳಿತರು. "ಹಂಗಾದ್ರ ಆವತ್ತಿನ ಹಬ್ಬ? ಹಲ್ಲು ಬಿದ್ದಾಗ ನೀ ಅತ್ತಿದ್ದಿಯಲ್ಲ ಕೂಸ?" ನಿಂಬೆವ್ವ ತಲೆ ತಗ್ಗಿಸಿದಳು. "ಹೋಳಿಗಿ ಸಲುವಾಗಿ ಅತ್ತೆ ಮುತ್ಯಾ. ನಂಗೇನೂ ಆಗಿರ್ಲಿಲ್ಲ." ಗುರುಪಾದಪ್ಪ ನಿಧಾನಕ್ಕೆ ತಮ್ಮ ಮುಂದಿನ ಹಲ್ಲು ಮುಟ್ಟಿಕೊಂಡರು. "ಅಂದ್ರ ಇದು ವಯಸ್ಸಲ್ಲ. ಇದು ನಿಂದ?" ಹಿಟ್ಟು ಮೆತ್ತಿದ ಆ ಮುಖ ಅರಳಿದ್ದನ್ನು ನೋಡಬೇಕಿತ್ತು. ಅರಳಿದ್ದು ಅಷ್ಟೇ ಬೇಗ ಮುದುಡಿತು. ನನ್ನ ಕಡೆ ತಿರುಗಿ "ಕಿವಿ ಮಾತ್ರ ನಿಂಗ ಕೊಟ್ಟಳೇನ ತಂಗಿ?" ಎಂದರು. ನನಗೆ ನೋವಿನಲ್ಲೂ ನಾಚಿಕೆಯಾಯಿತು, ಹೆಮ್ಮೆಯೂ ಆಯಿತು. ಯಾವುದು ಹೆಚ್ಚೆಂದು ಹೇಳಲಾರೆ.

ಕೂದಲು ಸರಿಸಿ ನೋಡಿದರೆ ಕಿವಿಯ ಹಿಂದೆ ಕೆಂಪಗೆ ಬಾತಿತ್ತು, ಕಿವಿಯೊಳಗೆ ಏನೋ ಕಪ್ಪಗೆ ಕೂತಿತ್ತು. ಅದೇ ಹೊತ್ತಿಗೆ ಬಾಗಿಲಲ್ಲಿ ಜೀಪು ನಿಂತಿತು. ಇಳಿದ ವಿಮಲಾ ಮೇಡಂ ಕಂಡದ್ದು ಇಷ್ಟು: ತಲೆ ಬಾಚುತ್ತಿರುವ ತಾಯಿ, ಪೇರಲಹಣ್ಣು ತಿನ್ನುತ್ತಿರುವ ಮಗು, ಕಿವಿ ಹಿಡಿದು ನೆಲದ ಮೇಲೆ ಹೊರಳುತ್ತಿರುವ ತಮ್ಮ ಗಟ್ಟಿಗಿತ್ತಿ. "ಏನಿದು ಹೇಮಲತಾ?" ಎಂದು ಅವರು ಬೆರಳೆತ್ತುವಷ್ಟರಲ್ಲಿ ಗುರುಪಾದಪ್ಪ "ಬೈಯೂದು ಆಮ್ಯಾಲ ಬೈರಿ ಮೇಡಂ ಅವ್ರ, ಮೊದ್ಲ ಗಾಡಿ ತಿರುಗಸ್ರಿ! ದವಾಖಾನಿಗೆ!" ಎಂದು ಜೀಪು ಅದುರುವಂತೆ ಕೂಗಿ ಮುಂದಿನ ಸೀಟು ಹತ್ತಿಬಿಟ್ಟರು.

ನೋವು ಉಣ್ಣುವವರ ತಲೆ ಹಿಡಿದುಕೊಳ್ಳುವುದು ಮಗುವಿನ ತಾಯಿಯ ಕೆಲಸ. ಹಾಗಾಗಿ ಹಿಂದಿನ ಸೀಟಿನಲ್ಲಿ ಕಸ್ತೂರೆವ್ವ ನನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಳು, ನಿಜವಾದ ರೋಗಿಗೆ ಜಾಗ ಉಳಿದದ್ದು ಮೇಡಂ ಮಡಿಲಲ್ಲಿ ಮಾತ್ರ. ಮೇಡಂ ಅವಳನ್ನು ಗಾಜಿನ ಸಾಮಾನು ಹಿಡಿದ ಹಾಗೆ ಹಿಡಿದರು. "ನೀನು ನಂಬಿದ್ದೀಯ, ಅದಕ್ಕೇ ನಿನಗೆ ನೋಯ್ತಿದೆ. ಅಷ್ಟೇ" ಎಂದು ನನಗೆ ವಿವರಿಸತೊಡಗಿದರು. ನಿಂಬೆವ್ವ ಕೈ ಚಾಚಿ ಅವರ ಕನ್ನಡಕ ತೆಗೆದುಕೊಂಡಳು. "ಏಯ್, ಅದನ್ನು ಮುಟ್ಟಬಾರದು" ಎಂದರು ಮೇಡಂ. "ಧೂಳು ತುಂಬೇತ್ರಿ. ಹಿಂಗಿದ್ರ ನಿಮ್ಗ ನಾವು ಹೆಂಗ ಕಾಣ್ತೀವಿ?" ಎಂದು ಅವಳು ಕನ್ನಡಕಕ್ಕೆ ಹಾ ಎಂದು ಉಸಿರು ಬಿಟ್ಟು, ಹೊಸ ಫ್ರಾಕಿನ ಅಂಚಿನಿಂದ ಒರೆಸಿ, ಮೇಡಂ ಮೂಗಿನ ಮೇಲೆ ಸೊಟ್ಟಗೆ ಕೂರಿಸಿದಳು. "ಈಗ ನೋಡ್ರಿ." ಮೇಡಂ ನೋಡಿದರು. ಆಮೇಲೆ ನನಗೇನೂ ವಿವರಿಸಲಿಲ್ಲ. ಕನ್ನಡಕ ದವಾಖಾನೆಯವರೆಗೂ ಸೊಟ್ಟಗೇ ಇತ್ತು.

ಡಾಕ್ಟರು ಆ ಊರಲ್ಲಿ ಪಳಗಿದವರು. ಮಗುವಿನ ಕಿವಿಗೆ ಬೆಳಕು ಬಿಟ್ಟು ನೋಡಿ, "ನೋವು ಯಾರ್ದು? ಇವರದಾ? ಹಾಗಾದ್ರೆ ಇವರನ್ನ ಗಟ್ಟಿಯಾಗಿ ಹಿಡ್ಕೊಳ್ಳಿ" ಎಂದು ನನ್ನನ್ನು ತೋರಿಸಿದರು. ಇಬ್ಬರು ದಾದಿಯರು ನನ್ನ ಹೆಗಲು ಒತ್ತಿ ಹಿಡಿದರು. ಆಮೇಲಿನದನ್ನು ವರ್ಣಿಸಲಾರೆ, ನನ್ನ ಕೂಗಿಗೆ ಹೊರಗಿನ ಬೇವಿನ ಮರದ ಕಾಗೆಗಳು ಎದ್ದುಹೋದವು ಎಂದು ಆಮೇಲೆ ಹೇಳಿದರು. ಚಿಮಟದ ತುದಿಯಲ್ಲಿ ಬಂದದ್ದು ನೆನೆದು ಊದಿದ ಒಂದು ಕಡಲೆಕಾಳು. ಅದು ಬಂದ ಕ್ಷಣವೇ ನನ್ನ ಕಿವಿಯೊಳಗೆ ತಣ್ಣಗಾಯಿತು. ನಾನು ಅಳುತ್ತಿದ್ದವಳು ಹಾಗೆಯೇ ನಗತೊಡಗಿದೆ. "ಇನ್ನೆರಡು ದಿನ ಬಿಟ್ಟಿದ್ರೆ ಕಿವಿಯ ಪರದೆ ಹೋಗಿರೋದು" ಎಂದರು ಡಾಕ್ಟರು, ನಗದೆ. ಗುರುಪಾದಪ್ಪ ಮೊಮ್ಮಗಳ ಬಲಗಿವಿಯ ಬಳಿ ಬಗ್ಗಿ, ಜೀವಮಾನದಲ್ಲಿ ಮಾಡದ ಕೆಲಸವೊಂದನ್ನು ಮಾಡಿದರು. ಪಿಸುಗುಟ್ಟಿದರು. "ಹೋಳಿಗಿ ಬೇಕೇನ ಕೂಸ?" "ಬೇಕು! ಎರಡು!" ಎಂದಳು ನಿಂಬೆವ್ವ. ಮುದುಕರು ಗೋಡೆಯ ಕಡೆ ತಿರುಗಿ ತಲೆಗೆ ಸುತ್ತಿದ್ದ ಪಟಕಾದ ತುದಿಯಿಂದ ಕಣ್ಣೊರೆಸಿಕೊಂಡರು. ಕಸ್ತೂರೆವ್ವ ನನ್ನ ಕೈಯನ್ನು ಬಿಡಲೇ ಇಲ್ಲ.

ಕೀವು ಆರಲು ಒಂದು ಇಂಜೆಕ್ಷನ್ ಬೇಕೆಂದು ಡಾಕ್ಟರು ಸೂಜಿ ಸಿದ್ಧಮಾಡಿದರು. ಕೋಣೆಯ ಗಾಳಿಯೇ ಬದಲಾಯಿತು. ಹೊಸ ನೋವು, ಯಾರಿಗೆ? ಗುರುಪಾದಪ್ಪ ಧೋತರ ಸರಿಮಾಡಿಕೊಂಡು, ಪರೀಕ್ಷೆಗೆ ಕೂತ ಹುಡುಗನ ಹಾಗೆ ನೆಟ್ಟಗೆ ನಿಂತು, "ಕೂಸ, ಇಲ್ಲೆ ನೋಡು, ಮುತ್ಯಾ ಇಲ್ಲೆ ಅದಾನ. ಮುತ್ಯಾನ್ನ ನೆನಸ್ಕೋ" ಎಂದರು. ಮೋಸ ಎಂದು ನನಗೆ ಅನ್ನಿಸಿತು. ನಾನೂ ಒಂದು ಹೆಜ್ಜೆ ಮುಂದೆ ಸರಿದು ಅವಳಿಗೆ ಕಾಣುವಂತೆ ನಿಂತೆ. ಇಷ್ಟು ದಿನ ನರಳಿದವಳಿಗೆ ಇನ್ನೂ ಬೇಕಿತ್ತೇ ಎಂದರೆ, ಹೌದು, ಬೇಕಿತ್ತು. ಮೇಡಂ ಮೂಲೆಯಲ್ಲಿ ನಿಂತು "ಇದೆಲ್ಲ ರೂಢಿ, ಬರೀ ರೂಢಿ" ಎಂದು ಗೊಣಗುತ್ತಿದ್ದರು. ನಿಂಬೆವ್ವ ಮೇಜಿನ ಮೇಲೆ ಬೋರಲು ಮಲಗಿ ನಮ್ಮೆಲ್ಲರ ಮೇಲೆ ಕಣ್ಣಾಡಿಸಿದಳು. ಡಾಕ್ಟರು ಸೂಜಿ ಚುಚ್ಚಿದರು. ಮುದುಕರು ಕಣ್ಣು ಮುಚ್ಚಿದರು, ನಾನು ಹಲ್ಲು ಕಚ್ಚಿದೆ. ಏನೂ ಬರಲಿಲ್ಲ. ನಾನು ಅವರ ಮುಖ ನೋಡಿದೆ, ಅವರು ನನ್ನ ಮುಖ ನೋಡಿದರು.

"ಅಮ್ಮಾ!" ಎಂದು ಮೂಲೆಯಿಂದ ಕೂಗು ಬಂತು. ವಿಮಲಾ ಮೇಡಂ ಸೊಂಟದ ಕೆಳಗೆ ಕೈಯಿಟ್ಟುಕೊಂಡು ಒಂಟಿಗಾಲಲ್ಲಿ ನಿಂತಿದ್ದರು. ಬಾಯಿ ತೆರೆದಿತ್ತು. ನಿಂಬೆವ್ವ ಮಲಗಿದ್ದಲ್ಲಿಂದಲೇ ಅವರ ಕನ್ನಡಕವನ್ನು ದಿಟ್ಟಿಸುತ್ತ, "ಮತ್ತ ಧೂಳು ಕೂತೈತ್ರಿ, ಇಲ್ಲೆ ಕೊಡ್ರಿ ಒರಸ್ತೀನಿ" ಎಂದಳು.

ನಾನೂ ಗುರುಪಾದಪ್ಪನವರೂ ಏಕಕಾಲಕ್ಕೆ ನಕ್ಕೆವು. ಹೊಟ್ಟೆಕಿಚ್ಚು ಇಬ್ಬರಿಗೂ ಇತ್ತು, ಆದರೂ ಅವರು ನನ್ನ ಹೆಗಲ ಮೇಲೆ ಕೈಹಾಕಿ ಮೈ ಕುಲುಕಿಸಿ ನಕ್ಕರು. ಮೇಡಂ ನಗಲಿಲ್ಲ. ನೋವು ಕೈಗೆ ಸಿಕ್ಕುವ ವಸ್ತುವೇನೋ ಎಂಬಂತೆ ಆ ಜಾಗವನ್ನು ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದರು. ಡಾಕ್ಟರು ಹತ್ತಿಯ ಉಂಡೆ ತೆಗೆದುಕೊಂಡು, "ಗಾಬರಿ ಬೇಡ ಮೇಡಂ, ಮಗುವಿಗೆ ಸೂಜಿ ಚುಚ್ಚಿದ ಜಾಗ ಉಜ್ಜಿಬಿಟ್ರೆ ನಿಮಗೆ ಆರಾಮಾಗ್ತದೆ" ಎಂದು ನಿಂಬೆವ್ವನ ಕಡೆ ಬಗ್ಗಿದರು.

ಮೇಡಂ ಕುಂಟುತ್ತ ಬಂದು ಅವರ ಕೈ ಹಿಡಿದರು.

"ತಡೀರಿ ಡಾಕ್ಟ್ರೇ, ಈಗಲೇ ಉಜ್ಜಬೇಡಿ" ಎಂದರು. "ಸ್ವಲ್ಪ ಹೊತ್ತು ಇರಲಿ."